ಸಂಪಾದಕರ ಉತ್ತರ: ಹೊಳೆಯಾಚೆ ಒಬ್ಬ ದೊಡ್ಡಪ್ಪ

ಈ ತಿಂಗಳು ಬಂದ ಕಾಗದಗಳಲ್ಲಿ ಬೆಂಗಳೂರಿನ ಓದುಗರೊಬ್ಬರದನ್ನು ಎತ್ತಿಕೊಂಡಿದ್ದೇನೆ. ಹೆಸರು ಹಾಕಬೇಡಿ ಎಂದಿದ್ದಾರೆ. ಸಂಗತಿ ಇಷ್ಟು. ಅವರ ಅಜ್ಜ ಶರಾವತಿ ಮುಳುಗಡೆಯ ಕಾಲದಲ್ಲಿ ಸಾಗರ ತಾಲ್ಲೂಕಿನ ಕರೂರು ಹೋಬಳಿ ಬಿಟ್ಟು ಶಿವಮೊಗ್ಗದ ಕಡೆ ಬಂದವರು. ಅಜ್ಜನ ಅಣ್ಣ ಅಲ್ಲೇ ಗುಡ್ಡದ ಮೇಲೆ ಮನೆ ಕಟ್ಟಿಕೊಂಡು ಉಳಿದರು. ಹೋಗಿಬರುವುದು ಕಡಿಮೆಯಾಯಿತು, ಆಮೇಲೆ ನಿಂತೇ ಹೋಯಿತು. ತಂದೆ ತೀರಿಕೊಂಡ ಮೇಲೆ ಹಳೇ ಟ್ರಂಕು ತೆಗೆದಾಗ ಒಂದು ಲಗ್ನಪತ್ರಿಕೆ ಸಿಕ್ಕಿತಂತೆ. ಅದರಲ್ಲಿದ್ದ ಊರಿನ ಹೆಸರು ಹಿಡಿದು ವಿಚಾರಿಸಿ, ಅಜ್ಜನ ಅಣ್ಣನ ಮಗನ ಫೋನ್ ನಂಬರು ಪತ್ತೆ ಮಾಡಿದ್ದಾರೆ. ಅವರಿಗೆ ಈಗ 78 ವರ್ಷ.

ಡಿಸೆಂಬರ್ ಕೊನೆಯ ರಜೆಯಲ್ಲಿ ಮೂವರು ಗೆಳೆಯರ ಜೊತೆ ನಾಲ್ಕು ದಿನದ ಬೈಕ್ ಟ್ರಿಪ್ ಇಟ್ಟುಕೊಂಡಿದ್ದಾರೆ. ಜೋಗ, ಸಿಗಂದೂರು, ಕೊಲ್ಲೂರು, ಕವಲೇದುರ್ಗ. ‘ಮನೆ ದಾರಿಯಲ್ಲೇ ಇದೆ, ನಾಲ್ವರೂ ಒಂದು ರಾತ್ರಿ ಉಳಿಯೋಣ ಅಂದುಕೊಂಡೆ. ಅಮ್ಮ ಸಿಟ್ಟಾದರು. ಸಂಬಂಧಿಕರ ಮನೆ ಅಂದ್ರೆ ಢಾಬಾ ಅಂದ್ಕೊಂಡಿದೀಯಾ ಅಂದರು. ಇದರಲ್ಲಿ ತಪ್ಪೇನಿದೆ?’ ಎಂದು ಕೇಳಿದ್ದಾರೆ.

ತಪ್ಪಿಲ್ಲ. ಹೋಗಿ, ಬೈಕಲ್ಲೇ ಹೋಗಿ. ಮೊದಲ ಸಲವೇ ಮನೆಮಂದಿಯೆಲ್ಲ ಕಾರು ಮಾಡಿಕೊಂಡು, ಸೀರೆ ಹಣ್ಣು ಹಿಡಿದು ಇಳಿದರೆ ಆ ಮನೆಯವರಿಗೂ ಭಾರ, ನಿಮಗೂ ಭಾರ. ಒಬ್ಬ ಹುಡುಗ ಅಂಗಳದಲ್ಲಿ ಬೈಕ್ ನಿಲ್ಲಿಸಿ ಹೆಲ್ಮೆಟ್ ತೆಗೆದರೆ ಅದರ ರೀತಿಯೇ ಬೇರೆ. ಗಾಡಿ ಎಷ್ಟು ಮೈಲೇಜ್ ಕೊಡುತ್ತೆ ಅಂತಲೇ ಮಾತು ಶುರುವಾಗುತ್ತದೆ.

ಆದರೆ ಅಮ್ಮ ಹೇಳಿದ್ದರಲ್ಲಿ ಅರ್ಧ ಸರಿಯಿದೆ. ಕಾಗದದಲ್ಲಿ ನೀವು ಮೂರು ಕಡೆ ‘ಹೊಸ ಸಂಬಂಧಿಕರು’ ಎಂದು ಬರೆದಿದ್ದೀರಿ. ಲೆಕ್ಕ ಹಾಕಿ ನೋಡಿ. ಊರು ಮುಳುಗಿಸಿದ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟೆ ಮುಗಿದದ್ದು 1964ರಲ್ಲಿ. ಆಗ ಈ ಹಿರಿಯರು ಹದಿನಾರು ಹದಿನೇಳರ ಹುಡುಗ. ನಿಮ್ಮ ಅಜ್ಜ ಅವರಿಗೆ ಸ್ವಂತ ಚಿಕ್ಕಪ್ಪ. ಒಂದೇ ಜಗಲಿಯಲ್ಲಿ ಮಲಗಿ ಬೆಳೆದವರು. ಹೊಸದೇನಿದ್ದರೂ ನಿಮಗೆ ಮಾತ್ರ, ಅವರಿಗಲ್ಲ. ಫೋನಿನಲ್ಲಿ ನೀವು ‘ಅಂಕಲ್’ ಅಂದಾಗ ಆ ಕಡೆ ಸ್ವಲ್ಪ ಹೊತ್ತು ಮಾತೇ ಇರಲಿಲ್ಲ, ಆಮೇಲೆ ‘ದೊಡ್ಡಪ್ಪ ಅನ್ನು ಮಾರಾಯ’ ಅಂದರು ಎಂದು ನೀವೇ ಬರೆದಿದ್ದೀರಲ್ಲ. ಅಂಥ ಮನೆಯನ್ನು ಜೋಗಕ್ಕೂ ಕೊಲ್ಲೂರಿಗೂ ನಡುವಿನ ಒಂದು ಸ್ಟಾಪ್ ಮಾಡಿಕೊಂಡರೆ ಅಮ್ಮನಿಗೆ ಸಿಟ್ಟು ಬಾರದೆ ಇನ್ನೇನು?

ನಾನೂ ಒಮ್ಮೆ ಹೀಗೆ ಮಾಡಿದ್ದೇನೆ. ಮೈಸೂರಿನ ಫ್ಯಾಕ್ಟರಿ ಮುಚ್ಚಿ ಕೆಲವು ವರ್ಷವಾಗಿತ್ತು, ಆದರೂ ಗೆಳೆಯನ ಯೆಜ್ಡಿ ಚೆನ್ನಾಗಿಯೇ ಓಡುತ್ತಿತ್ತು. ಹೊಸನಗರದ ಹತ್ತಿರ ಅಮ್ಮನ ಸೋದರತ್ತೆಯ ಮನೆ. ಆವರೆಗೆ ನಾನು ನೋಡಿರಲಿಲ್ಲ. ‘ಮಧ್ಯಾಹ್ನ ಬರ್ತೀವಿ’ ಎಂದು ಹೇಳಿ ಕಳಿಸಿದ್ದೆ. ದಾರಿಯಲ್ಲಿ ನಗರ ಎಂಬ ಊರಿನ ಕೋಟೆ ಸಿಕ್ಕಿತು. ಹತ್ತಿದೆವು, ಇಳಿದೆವು, ಫೋಟೋ ತೆಗೆದೆವು. ಮನೆ ಮುಟ್ಟಿದ್ದು ಮೂರೂವರೆಗೆ. ಜಗಲಿಯಲ್ಲಿ ಇಬ್ಬರು ಮುದುಕರು ಸುಮ್ನೆ ಕೂತಿದ್ದರು. ಒಳಗೆ ಸಾಲಾಗಿ ಬಾಳೆಲೆ ಹಾಕಿತ್ತು. ಬೆಳಿಗ್ಗೆ ಕೊಯ್ದ ಎಲೆ, ಅಂಚು ಬಾಡಿ ಒಳಕ್ಕೆ ಸುರುಳಿಯಾಗಿತ್ತು. ತುದಿಗೆ ಬಡಿಸಿದ ಉಪ್ಪು ನೀರೊಡೆದಿತ್ತು. ಮಕ್ಕಳಿಗೆ ಬಡಿಸಿ ಆಗಿತ್ತು. ದೊಡ್ಡವರು ಯಾರೂ ಉಂಡಿರಲಿಲ್ಲ. ‘ದಾರೀಲಿ ಎಂತಾದ್ರೂ ಆಯ್ತಾ ಅಂತ ಹೆದ್ರಿಕೆ ಆಗಿತ್ತು’ ಅಂದರು ಅಜ್ಜಿ. ನಾನು ಪ್ಲಗ್ ಕೈಕೊಟ್ಟಿತು ಎಂದು ಸುಳ್ಳು ಹೇಳಿದೆ. ಪಾಪ, ಗಾಡಿ ಅವತ್ತು ಒಮ್ಮೆಯೂ ಕೆಮ್ಮಿರಲಿಲ್ಲ.

ಅದಕ್ಕೇ ಹೇಳುತ್ತೇನೆ, ಮೊದಲು ಮನೆ, ಆಮೇಲೆ ಸುತ್ತಾಟ. ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಸುಮಾರು 300 ಕಿ.ಮೀ., ಅಲ್ಲಿಂದ ಸಾಗರಕ್ಕೆ ಇನ್ನೊಂದು 70. ನಸುಕಿಗೇ ಹೊರಟರೆ ಸಂಜೆಯೊಳಗೆ ನಾಲ್ವರೂ ಸಾಗರದಲ್ಲಿರುತ್ತೀರಿ. ಅಲ್ಲೇ ಉಳಿಯಿರಿ. ಮರುದಿನ ಗೆಳೆಯರು ಜೋಗಕ್ಕೆ ಹೋಗಲಿ, ಹೇಗೂ 30 ಕಿ.ಮೀ. ದಾರಿ. ನೀವು ಒಬ್ಬರೇ ಹೊಳೆ ದಾಟಿ. ಮೂರನೇ ದಿನ ಬೆಳಿಗ್ಗೆ ಅವರೇ ನಿಮ್ಮನ್ನು ಹುಡುಕಿಕೊಂಡು ಆ ಮನೆಗೆ ಬರಲಿ, ತಿಂಡಿ ತಿಂದು ಎಲ್ಲರೂ ನಾಗೋಡಿ ಮೇಲೆ ಕೊಲ್ಲೂರಿಗೆ ಇಳಿಯಿರಿ. ಒಂದು ರಾತ್ರಿ ಕಳೆದ ಮೇಲೆ ಗೆಳೆಯರು ಬಂದರೆ ಅವರು ‘ನಮ್ಮ ಹುಡುಗನ ಸ್ನೇಹಿತರು’. ಮೊದಲ ದಿನವೇ ನುಗ್ಗಿದರೆ ನಾಲ್ವರು ಅಪರಿಚಿತರು, ಅಷ್ಟೇ. ಕವಲೇದುರ್ಗ ಈ ಸಲ ಬಿಡಿ, ನಾಲ್ಕು ದಿನಕ್ಕೆ ಜಾಸ್ತಿಯಾಯಿತು.

ಹೊಳೆ ದಾಟುವುದು ಅಂದೆ. ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಎರಡು ಕಿ.ಮೀ.ಗೂ ಉದ್ದದ ಸೇತುವೆ 2025ರ ಜುಲೈ 14ರಂದು ಓಡಾಟಕ್ಕೆ ತೆರೆಯಿತು. ಅದಕ್ಕೂ ಮೊದಲು ಲಾಂಚೇ ಗತಿ. ಬೈಕು, ಕಾರು, ಬಾಣಂತಿ ಎಲ್ಲ ಲಾಂಚಿನ ಮೇಲೇ ಬರಬೇಕು. ಸಂಜೆಯ ಕೊನೆಯ ಲಾಂಚು ತಪ್ಪಿದರೆ ಆ ದಿನ ಮುಗಿಯಿತು. ‘ಅವರು ಬರೋದೇ ಬಿಟ್ಟರು’ ಎಂದು ನಿಮ್ಮ ಮನೆಯಲ್ಲಿ ಹೇಳುತ್ತಿದ್ದರು ಎಂದಿದ್ದೀರಿ. ಆ ಮನೆಯಲ್ಲೂ ಅದೇ ಮಾತು ಹೇಳಿರುತ್ತಾರೆ. ಜಗಳ ಇದ್ದೇ ಇರಬೇಕು ಅಂತಿಲ್ಲ, ನಡುವೆ ಅಷ್ಟು ನೀರು ನಿಂತರೆ ಸಾಕು.

ಇನ್ನೊಂದು ಸಂಗತಿ ಇದೆ, ಇದನ್ನು ಅಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನೀವು ದಾಯಾದಿ. ಅರವತ್ತು ವರ್ಷದ ಮೇಲೆ ದಾಯಾದಿಯ ಮೊಮ್ಮಗ ಬಂದ ಅಂದರೆ ಆ ಮನೆಯ ಯಾರಾದರೊಬ್ಬರ ತಲೆಯಲ್ಲಿ ‘ಪಾಲು ಕೇಳೋಕೆ ಬಂದನಾ’ ಎಂಬ ಹುಳ ಹೊಕ್ಕೇ ಹೊಗುತ್ತದೆ. ಅದರ ಮೇಲೆ, ಮುಳುಗಡೆಯಾದವರಲ್ಲಿ ಎಷ್ಟೋ ಕುಟುಂಬಗಳಿಗೆ ಈಗಿನ ಜಾಗದ ಹಕ್ಕುಪತ್ರವೇ ಸರಿಯಾಗಿ ಸಿಕ್ಕಿಲ್ಲ. ಜಮೀನಿನ ಮಾತು ಎತ್ತಿದರೆ ಗಾಯಕ್ಕೆ ಕೈ ಹಾಕಿದ ಹಾಗೆ. ತೋಟ ಎಷ್ಟು ಎಕರೆ, ಪಹಣಿ ಯಾರ ಹೆಸರಲ್ಲಿದೆ ಅಂತ ತಮಾಷೆಗೂ ಕೇಳಬೇಡಿ. ‘ಅಜ್ಜ ಹುಡುಗನಾಗಿದ್ದಾಗಿನ ಸುದ್ದಿ ಕೇಳಬೇಕು ಅಂತ ಬರ್ತಿದೀನಿ’ ಎಂದು ಫೋನಿನಲ್ಲೇ ಹೇಳಿಬಿಡಿ. ಟ್ರಂಕಿನ ಲಗ್ನಪತ್ರಿಕೆಯನ್ನೂ ಅಜ್ಜನ ಒಂದು ಫೋಟೋವನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಒಯ್ಯಿರಿ. ಫೋಟೋದ ಒಂದು ಪ್ರತಿ ಅಲ್ಲೇ ಬಿಟ್ಟು ಬನ್ನಿ. ಸಾಗರದಲ್ಲಿ ಹಣ್ಣು ತೆಗೆದುಕೊಂಡರೆ ಸಾಕು. (ಹೊಸ ದಾಯಾದಿ ಅಂದರೆ ಹೊಸ ಸೂತಕವೂ ಹೌದು. ಅಮ್ಮನಿಗೆ ಈಗಲೇ ಹೇಳಿಡಿ.)

ಡಿಸೆಂಬರ್ ಅಂದರೆ ಅಡಿಕೆ ಕೊಯ್ಲು. ನಿಮ್ಮನ್ನು ಕೂರಿಸಿಕೊಂಡು ಉಪಚಾರ ಮಾಡಲು ಯಾರಿಗೂ ಪುರುಸೊತ್ತಿರುವುದಿಲ್ಲ. ಅದು ಒಳ್ಳೆಯದೇ. ರಾತ್ರಿ ಮೆಟ್ಟುಗತ್ತಿ ಹಾಕಿಕೊಂಡು ಸಾಲಾಗಿ ಕೂತು ಅಡಿಕೆ ಸುಲಿಯುತ್ತಾರೆ. ಊರಿನ ಹಳೇ ಕತೆಗಳೆಲ್ಲ ಹೊರಗೆ ಬರುವುದು ಅಲ್ಲೇ. ಪಕ್ಕದಲ್ಲಿ ಕೂತು ಸಿಪ್ಪೆ ಬಾಚಿ ಕೊಡಿ. ಕತ್ತಿಗೆ ಮಾತ್ರ ಕೈ ಹಾಕಬೇಡಿ, ಮರುದಿನ ಕ್ಲಚ್ ಹಿಡಿಯೋಕೆ ಬೆರಳು ಬೇಕಲ್ವಾ? ಒಂದು ಪಂಚೆ ಇಟ್ಟುಕೊಳ್ಳಿ. ಮೊಣಕಾಲಿಗೆ ಗಾರ್ಡ್ ಇರುವ ರೈಡಿಂಗ್ ಪ್ಯಾಂಟಿನಲ್ಲಿ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರಲು ಆಗುವುದಿಲ್ಲ, ನಾನು ಕಷ್ಟಪಟ್ಟಿದ್ದೇನೆ.

ದಾರಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪೆಟ್ರೋಲ್ ಸಾಗರದಲ್ಲೇ ತುಂಬಿಸಿ. ಹೊಳೆಯಾಚೆ ನೆಟ್‌ವರ್ಕ್ ನಂಬಬೇಡಿ, ಹೊರಡುವ ಮೊದಲೇ ಫೋನ್ ಮಾಡಿ. ಒಂದು ರಾತ್ರಿ ಕಾಡಿನಲ್ಲಿ ಟೆಂಟ್ ಹಾಕುವ ಯೋಚನೆಯೂ ಇದೆ ಎಂದಿದ್ದೀರಿ. ಅದು ಬೇಡವೇ ಬೇಡ. ಡಿಸೆಂಬರಿನಿಂದ ಬೇಸಿಗೆಯವರೆಗೆ ಮಂಗನ ಕಾಯಿಲೆಯ ಕಾಲ, ಹರಡುವುದು ಉಣುಗಿನಿಂದ. 1957ರಲ್ಲಿ ಅದು ಮೊದಲು ಗೊತ್ತಾದದ್ದೇ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಕಡೆ ಜನ ಸತ್ತರು. ದರಕಿನ (ಉದುರಿದ ಒಣ ಎಲೆಯ) ಮೇಲೆ ಕೂತು ಚಹಾ ಕಾಯಿಸುವುದೂ ಬೇಡ.

ಹಳೇ ಮನೆ ಎಲ್ಲಿತ್ತು ಎಂದು ದೊಡ್ಡಪ್ಪನನ್ನು ಕೇಳಿ. ದಂಡೆಯಲ್ಲಿ ನಿಂತು ನೀರಿನ ಕಡೆ ಕೈ ತೋರಿಸುತ್ತಾರೆ, ಆ ತಿಂಗಳಲ್ಲಿ ಬೇರೇನೂ ಕಾಣುವುದಿಲ್ಲ. ಬೇಸಿಗೆಯಲ್ಲಿ ನೀರು ಚೆನ್ನಾಗಿ ಇಳಿದ ವರ್ಷ ಲಿಂಗನಮಕ್ಕಿಯ ನೀರಿನಲ್ಲಿ ಮುಳುಗಿದ 1948ರ ಹಿರೇಭಾಸ್ಕರ ಅಣೆಕಟ್ಟೆಯೇ ಮೇಲೇಳುತ್ತದೆ. ಆಗ ಅಮ್ಮನನ್ನು ಕರೆದುಕೊಂಡು ಹೋಗಿ, ಬಸ್ಸಿನಲ್ಲಿ.

ಹೊರಡುವ ಹಿಂದಿನ ದಿನ ಫೋನ್ ಮಾಡಿ, ಊಟಕ್ಕಲ್ಲ, ಸಂಜೆ ಚಹಾ ಹೊತ್ತಿಗೆ ಬರುತ್ತೇನೆ ಎನ್ನಿ. ಅವರು ಒಪ್ಪುವುದಿಲ್ಲ, ‘ಊಟಕ್ಕೇ ಬಾ’ ಅನ್ನುತ್ತಾರೆ. ಹಾಗಂದರೆ ಹನ್ನೆರಡೂವರೆಗೆ ಅಂಗಳದಲ್ಲಿರಿ.

– ಸಂ.