ಅಮೆರಿಕದಲ್ಲಿ ಶಿಕ್ಷಣದ ಎನ್‌ಜಿಒ ನಡೆಸುವ ಕಪ್ಪುವರ್ಣೀಯ ಗಂಡಸರಿಗೆ ಕೆಲಸದಲ್ಲಿ ಏನು ಕಷ್ಟ?

ಮೊದಲ ಕಷ್ಟ ದುಡ್ಡಿನದು. ಎನ್‌ಜಿಒಗಳಿಗೆ ಸಲಹೆ ಕೊಡುವ ಬ್ರಿಡ್ಜ್‌ಸ್ಪ್ಯಾನ್ ಮತ್ತು ಹೊಸ ಸಮಾಜಸೇವಾ ಸಂಸ್ಥೆಗಳನ್ನು ಕಟ್ಟುವವರಿಗೆ ನೆರವಾಗುವ ಎಕೋಯಿಂಗ್ ಗ್ರೀನ್ ಸೇರಿ 2020ರಲ್ಲಿ ಒಂದು ವರದಿ ತಂದವು. ಅದರ ಪ್ರಕಾರ, ಕಪ್ಪು ಹುಡುಗರ, ಗಂಡಸರ ಏಳಿಗೆಗೆಂದೇ ದುಡಿಯುವ ಸಂಸ್ಥೆಗಳಲ್ಲೂ, ಬಿಳಿಯರು ನಡೆಸುವವಕ್ಕಿಂತ ಕಪ್ಪುವರ್ಣೀಯರು ನಡೆಸುವವುಗಳ ಆದಾಯ ಶೇ 45ರಷ್ಟು ಕಡಿಮೆ. ಷರತ್ತಿಲ್ಲದ ನಿಧಿಯಂತೂ ಶೇ 91ರಷ್ಟು ಕಡಿಮೆ! ಸಂಬಳ, ಬಾಡಿಗೆ, ಕೆಟ್ಟ ಪ್ರಿಂಟರ್ ರಿಪೇರಿ, ಎಲ್ಲಕ್ಕೂ ಒದಗಬೇಕಾದದ್ದು ಈ ದುಡ್ಡೇ. ನಂಬಿಕೆ ಇದ್ದರೆ ತಾನೇ ಷರತ್ತಿಲ್ಲದೆ ಕೊಡುವುದು, ಅಲ್ವಾ?

ಇನ್ನೊಂದು, ಲೆಕ್ಕಕ್ಕೆ ಬಾರದ ದುಡಿಮೆ. ಶಾಲೆಗಳಲ್ಲಿ ಗಲಾಟೆ ಮಾಡುವ ಹುಡುಗರನ್ನು ಸುಮ್ಮನಾಗಿಸಲು ಕಪ್ಪು ಮೇಷ್ಟ್ರನ್ನೇ ಕರೆಯುತ್ತಾರೆ. ಆಗ ಶಿಕ್ಷಣ ಕಾರ್ಯದರ್ಶಿಯಾಗಿದ್ದ ಜಾನ್ ಕಿಂಗ್ 2016ರಲ್ಲಿ ಇದನ್ನು ಕಾಣದ ತೆರಿಗೆ ಎಂದರು. ನನ್ನ ಪ್ರಕಾರ, ಮುಖ್ಯಸ್ಥರಾದ ಮೇಲೂ ಇದು ತಪ್ಪುವುದಿಲ್ಲ. ಜನಾಂಗದ ಮಾತು ಬಂದರೆ ಮೀಟಿಂಗಿನಲ್ಲಿ ಎಲ್ಲರೂ ತಿರುಗಿ ನೋಡುವುದು ಅವರನ್ನೇ.