4ಕೆ ವಿಡಿಯೋ ಎಡಿಟಿಂಗ್‌ಗೆ ಒಂದೇ ದೊಡ್ಡ ಹಾರ್ಡ್ ಡ್ರೈವ್ ಸಾಕಾ, ರೇಡ್ ಬೇಕಾ?

8 ಟಿಬಿಯ ಒಂದೇ ಹಾರ್ಡ್ ಡ್ರೈವ್ ತಗೊಂಡು ಎಡಿಟಿಂಗೂ ಅದರಲ್ಲೇ, ಹಳೇ ಫುಟೇಜೂ ಅದರಲ್ಲೇ ಇಡಬಹುದಾ, ಇಲ್ಲ ಎರಡು ಡ್ರೈವ್ ಸೇರಿಸಿ ರೇಡ್ ಮಾಡಲಾ ಅಂತ ಕೇಳಿದ್ದೀರಿ. ನಾನಾದರೆ ಎರಡೂ ಮಾಡುವುದಿಲ್ಲ. ಎಡಿಟ್ ಮಾಡಲು ಒಂದು ಎಸ್‌ಎಸ್‌ಡಿ (ತಿರುಗುವ ತಟ್ಟೆಯ ಬದಲು ಚಿಪ್‌ನಲ್ಲಿ ಡೇಟಾ ಇಡುವ ಡ್ರೈವ್), ಕೂಡಿಡಲು ಬೇರೆ ಬೇರೆಯಾಗಿ ಎರಡು ಹಾರ್ಡ್ ಡ್ರೈವ್ ತಗೊಳ್ಳುತ್ತೇನೆ.

ಕ್ಯಾಮೆರಾದಲ್ಲಿ 100 ಎಂಬಿಪಿಎಸ್ ಅಂತ ಇರುತ್ತದಲ್ಲ, ಅದು ಮೆಗಾಬಿಟ್ ಲೆಕ್ಕ. 8ರಿಂದ ಭಾಗಿಸಿದರೆ ಸೆಕೆಂಡಿಗೆ 12.5 ಮೆಗಾಬೈಟ್, ಗಂಟೆಗೆ 45 ಜಿಬಿ. 7200 ಆರ್‌ಪಿಎಂ ಹಾರ್ಡ್ ಡ್ರೈವ್ ಸೆಕೆಂಡಿಗೆ 150ರಿಂದ 250 ಎಂಬಿ ಓದುತ್ತದೆ. ಧಾರಾಳವಾಯಿತಲ್ವಾ? ಒಂದೇ ಕ್ಲಿಪ್ಪನ್ನು ಮೊದಲಿಂದ ಕೊನೆವರೆಗೆ ನೋಡುವುದಾದರೆ ಹೌದು. ಆದರೆ ಟೈಮ್‌ಲೈನ್‌ನಲ್ಲಿ ಮೂರು ಕ್ಯಾಮೆರಾದ ಕ್ಲಿಪ್‌ಗಳು ಒಂದರ ಮೇಲೊಂದು ಇರುತ್ತವೆ, ಕೆಳಗೆ ಆಡಿಯೋ, ಜೊತೆಗೆ ಎಡಿಟಿಂಗ್ ಸಾಫ್ಟ್‌ವೇರ್ ತಾನೇ ಮಾಡಿಕೊಳ್ಳುವ ತಾತ್ಕಾಲಿಕ ಕ್ಯಾಶ್ ಫೈಲುಗಳು. ಡ್ರೈವಿನೊಳಗೆ ಡೇಟಾ ಓದುವ ಹೆಡ್ ಇಲ್ಲಿಂದ ಅಲ್ಲಿಗೆ ಓಡಾಡುತ್ತಲೇ ಇರಬೇಕು. ಒಂದೊಂದು ಓಡಾಟಕ್ಕೂ ಸುಮಾರು 10 ಮಿಲಿಸೆಕೆಂಡ್ ಹೋಗುತ್ತದೆ. ಪ್ಲೇಹೆಡ್ ಎಳೆದಾಗ ಚಿತ್ರ ತಡವರಿಸುವುದು ಬಹಳ ಸಲ ಇದಕ್ಕೇ. ಎಸ್‌ಎಸ್‌ಡಿಯಲ್ಲಿ ಓಡಾಡುವ ಭಾಗವೇ ಇಲ್ಲ.

ಇಂಥ ಫುಟೇಜಿಗೆ ಸೆಕೆಂಡಿಗೆ 500 ಎಂಬಿ ಕೊಡುವ ಸಾಟಾ (ಹಳೆಯ, ನಿಧಾನದ ಕನೆಕ್ಷನ್) ಎಸ್‌ಎಸ್‌ಡಿಯೇ ಸಾಕು. 7000 ಎಂಬಿ ಅಂತ ಬರೆದಿರುವುದಕ್ಕೆ ಸುಮ್ನೆ ದುಡ್ಡು ಸುರಿಯಬೇಡಿ. ಕಡಿಮೆ ಒತ್ತಿದ, ದೊಡ್ಡ ಫೈಲಿನ ಪ್ರೋರೆಸ್ 422 ಎಚ್‌ಕ್ಯೂ ಫಾರ್ಮ್ಯಾಟ್ ಆದರೆ ಮಾತು ಬೇರೆ. 4ಕೆ, 30 ಫ್ರೇಮ್‌ಗೆ ಗಂಟೆಗೆ ಸುಮಾರು 400 ಜಿಬಿ ನುಂಗುತ್ತದೆ, ಆಗ ಸಾಟಾಗಿಂತ ವೇಗದ ಎನ್‌ವಿಎಂಇ ಎಸ್‌ಎಸ್‌ಡಿ ಹಾಕಿಸಿ. ಇನ್ನೊಂದು ಮಾತು: ಎಸ್‌ಎಸ್‌ಡಿ ಹಾಕಿದ ಮೇಲೂ ತುಂಬಾ ಒತ್ತಿ ಚಿಕ್ಕದು ಮಾಡಿದ ಎಚ್.265 ಫೈಲುಗಳು ತಡವರಿಸಿದರೆ ಡ್ರೈವನ್ನು ಬೈಯಬೇಡಿ. ಅದನ್ನು ಬಿಡಿಸಿ ತೋರಿಸಲು ಪ್ರೊಸೆಸರ್ ಏದುಸಿರು ಬಿಡುತ್ತಿರುತ್ತದೆ. ಪ್ರಾಕ್ಸಿ, ಅಂದರೆ ಎಡಿಟ್ ಮಾಡಲಷ್ಟೇ ಬಳಸುವ ಹಗುರ ಕಾಪಿಗಳನ್ನು ಮಾಡಿಕೊಳ್ಳಿ.

ಹಾರ್ಡ್ ಡ್ರೈವ್ ಕೊಳ್ಳುವಾಗ ಡೇಟಾಶೀಟ್‌ನಲ್ಲಿ ಸಿಎಂಆರ್ (ಟ್ರ್ಯಾಕ್‌ಗಳನ್ನು ಒಂದರ ಮೇಲೊಂದು ಬರದಂತೆ ಬರೆಯುವ ಬಗೆ) ಅಂತ ಇದೆಯಾ ನೋಡಿ, ಎಸ್‌ಎಂಆರ್ ಬೇಡ. ಎಸ್‌ಎಂಆರ್ ಡ್ರೈವಿನಲ್ಲಿ ಟ್ರ್ಯಾಕ್‌ಗಳು ಹೆಂಚು ಹೊದಿಸಿದ ಹಾಗೆ ಒಂದರ ಅಂಚಿನ ಮೇಲೊಂದು ಕೂತಿರುತ್ತವೆ. ಒಂದನ್ನು ಬದಲಿಸಲು ಪಕ್ಕದವನ್ನೂ ಮತ್ತೆ ಬರೆಯಬೇಕು. ನೂರಾರು ಜಿಬಿ ಒಟ್ಟಿಗೆ ಕಾಪಿ ಮಾಡಿದರೆ ನಡುವೆ ವೇಗ ತೀರಾ ಕುಸಿಯಬಹುದು.

ರೇಡ್ ಯಾಕೆ ಬೇಡ ಅಂದರೆ, ಫೈಲುಗಳನ್ನು ಎರಡೂ ಡ್ರೈವಿಗೆ ಹಂಚಿ ಬರೆಯುವ ರೇಡ್ 0ರಲ್ಲಿ ಒಂದು ಡ್ರೈವ್ ಕೆಟ್ಟರೆ ಎಲ್ಲವೂ ಹೋಯಿತು. ಎರಡರಲ್ಲೂ ಒಂದೇ ಪ್ರತಿ ಇಡುವ ರೇಡ್ 1ರಲ್ಲಿ ಹಾಗಾಗುವುದಿಲ್ಲ, ಆದರೆ ಕೈತಪ್ಪಿ ಒಂದು ಫೋಲ್ಡರ್ ಅಳಿಸಿದರೆ ಎರಡೂ ಕಡೆ ಅದೇ ಕ್ಷಣ ಅಳಿಸಿಹೋಗುತ್ತದೆ. ಅದರ ಬದಲು ಎರಡನೇ ಡ್ರೈವಿಗೆ ಕಾಪಿ ಮಾಡಿ, ವೈರ್ ಕಿತ್ತು, ಸಾಧ್ಯವಾದರೆ ಬೇರೆ ಮನೆಯಲ್ಲಿಡಿ. ಕ್ಯಾಶ್, ಪ್ರಾಕ್ಸಿ ಕಾಪಿ ಮಾಡಬೇಕಿಲ್ಲ, ಮತ್ತೆ ಹುಟ್ಟಿಸಬಹುದು. ಪ್ರಾಜೆಕ್ಟ್ ಫೈಲ್ ಮಾತ್ರ ದಿನಾ ಕಾಪಿ ಆಗಲಿ. ಮೆಮೊರಿ ಕಾರ್ಡ್ ಫಾರ್ಮ್ಯಾಟ್ ಮಾಡುವ ಮೊದಲು ಎರಡೂ ಡ್ರೈವಿನಲ್ಲಿ ನಾಲ್ಕೈದು ಕ್ಲಿಪ್ ತೆರೆದು, ನಡುವೆ ಅಲ್ಲಲ್ಲಿ ಓಡಿಸಿ ನೋಡಿ.