ಗಾಳಿ ಹಾಸಿಗೆ ಬೇಡ ಮೇಡಂ, ಫೋಮ್ ಮ್ಯಾಟ್ ತಗೊಳ್ಳಿ

ಮೇಡಂ, ಆ ಆರ್ಡರ್ ಇನ್ನೂ ಮಾಡಿಲ್ಲ ಅಂದ್ರೆ ದಯವಿಟ್ಟು ನಿಲ್ಲಿಸಿ. ಮಗಳಿಗೆ ಒಂಬತ್ತು ವರ್ಷ, ಡಿಸೆಂಬರ್‌ನಲ್ಲಿ ಸಕಲೇಶಪುರದ ಹತ್ತಿರ ಕಾಫಿ ತೋಟದಲ್ಲಿ ಶಾಲೆ ಕ್ಯಾಂಪ್, ಎರಡು ರಾತ್ರಿ ಟೆಂಟ್, ಅದಕ್ಕೆ ಪಂಪ್ ಸಮೇತ ಬರುವ ದಪ್ಪ ಗಾಳಿ ಹಾಸಿಗೆ ತಗೊಳ್ಳಲಾ ಅಂತ ಕೇಳಿದ್ದೀರಿ. ಮೇಲೆ ಇಬ್ಬರು "ಮೆತ್ತಗಿರುತ್ತೆ, ತಗೊಳ್ಳಿ" ಅಂದಿದ್ದಾರೆ. ಇನ್ನೊಬ್ಬರು "ಚಳಿಯಾದರೆ ಇನ್ನೊಂದು ರಗ್ಗು ಕಳಿಸಿ, ಮುಗೀತು" ಅಂದಿದ್ದಾರೆ. ಮುಗಿಯಲ್ಲ ಸರ್. ನಾನು ಇದೇ ಎರಡು ತಪ್ಪನ್ನು ಒಂದೇ ರಾತ್ರಿ ಮಾಡಿದವನು, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

2017ರ ಜನವರಿ. ಮೂಡಿಗೆರೆ ಕಡೆ ಪರಿಚಯದವರ ತೋಟ. ಕಾಫಿ ಕಣದ ಪಕ್ಕದ ಹುಲ್ಲಿನ ಮೇಲೆ ಟೆಂಟ್ ಹಾಕಿದ್ದೆವು. ಮಗನಿಗೆ ಆಗ ಏಳು. ಅವನಿಗೆ ಕಷ್ಟ ಆಗಬಾರದು ಅಂತ ಅರ್ಧ ಅಡಿ ದಪ್ಪದ ಗಾಳಿ ಹಾಸಿಗೆ ತಂದಿದ್ದೆ. ನಾನು ನನ್ನ ಹಳೇ ಫೋಮ್ ಮ್ಯಾಟ್ ಮೇಲೆ. ರಾತ್ರಿ ಒಂದೂವರೆಗೆ "ಅಪ್ಪಾ, ಚಳಿ" ಅಂದ. ರಗ್ಗು ಹೊದಿಸಿದೆ. ಹತ್ತು ನಿಮಿಷಕ್ಕೆ ಮತ್ತೆ ಎದ್ದ. ನನ್ನ ಜಾಕೆಟ್ ಹಾಕಿದೆ. ಆಮೇಲೆ ಟೋಪಿ, ಸಾಕ್ಸ್, ನನ್ನ ಪಂಚೆ ಕೂಡ. ಮೈಮೇಲೆ ಇಷ್ಟೆಲ್ಲ ಇದ್ದರೂ ಮಗು ನಡುಗುತ್ತಿತ್ತು. ಜ್ವರ ಬಂತೇನೋ ಅಂತ ಹೊಟ್ಟೆ ಮುಟ್ಟಿ ನೋಡಿದರೆ ಬೆಚ್ಚಗಿದೆ. ಬೆನ್ನಿನ ಕೆಳಗೆ ಕೈ ತೂರಿಸಿದೆ ನೋಡಿ, ಆಗ ಗೊತ್ತಾಯಿತು. ಹಾಸಿಗೆ ಮೇಲ್ಮೈ ಬೆಳಗಿನ ಜಾವದ ಗ್ರಾನೈಟ್ ನೆಲದ ಹಾಗೆ ಕೊರೆಯುತ್ತಿತ್ತು. ಅವನ ಬನಿಯನ್ ಬೆನ್ನಿನ ಕಡೆ ತಣ್ಣಗಾಗಿಬಿಟ್ಟಿತ್ತು. ಅವನನ್ನು ಎತ್ತಿ ನನ್ನ ಫೋಮ್ ಮ್ಯಾಟ್ ಮೇಲೆ ಮಲಗಿಸಿದೆ, ಹೊದಿಸಿದ್ದ ರಗ್ಗನ್ನೇ ಮಡಚಿ ಅವನ ಕೆಳಗೆ ಹಾಕಿದೆ. ಕಾಲು ಗಂಟೆಯಲ್ಲಿ ನಿದ್ದೆ ಹೋದ. ಮೇಲಿನ ಹೊದಿಕೆ ಒಂದು ಕಡಿಮೆಯಾಗಿತ್ತು, ಆದರೂ ನಿದ್ದೆ ಬಂತು. ಗಾಳಿ ಹಾಸಿಗೆ ಮೇಲೆ ಬೆಳಗಿನವರೆಗೆ ನಾನು ಮಲಗಿದೆ. ಏಳು ವರ್ಷದ ಮಗುವನ್ನು ಎಂಥಾ ಜಾಗದಲ್ಲಿ ಮಲಗಿಸಿದ್ದೆ ಅಂತ ಯೋಚಿಸುತ್ತಾ ಕಣ್ಣು ಮುಚ್ಚಲಿಲ್ಲ.

ಕಾರಣ ಇಷ್ಟೇ. ಗಾಳಿ ಹಾಸಿಗೆ ಒಳಗೆ ದೊಡ್ಡ ಖಾಲಿ ಜಾಗ. ಅದರಲ್ಲಿ ಗಾಳಿ ಓಡಾಡುತ್ತದೆ. ಮೈ ತಾಗಿ ಬಿಸಿಯಾದ ಗಾಳಿ ನಿಂತಲ್ಲಿ ನಿಲ್ಲುವುದಿಲ್ಲ, ಸುತ್ತಾಡಿ ನೆಲಕ್ಕೆ, ಪಕ್ಕಕ್ಕೆ ಬಿಸಿ ಕೊಟ್ಟು ತಣ್ಣಗಾಗುತ್ತದೆ. ಫೋಮ್‌ನಲ್ಲಿ ಅದೇ ಗಾಳಿ ಸಣ್ಣ ಸಣ್ಣ ಗುಳ್ಳೆಗಳಲ್ಲಿ ಸಿಕ್ಕಿಹಾಕಿಕೊಂಡಿರುತ್ತದೆ, ಅಲ್ಲಾಡುವುದಿಲ್ಲ. ಅದಕ್ಕೇ ಹತ್ತು ಮಿಲಿಮೀಟರ್ ಫೋಮ್ ಅರ್ಧ ಅಡಿ ಗಾಳಿಗಿಂತ ಬೆಚ್ಚಗೆ. ಇನ್ನು ರಗ್ಗು, ಸ್ಲೀಪಿಂಗ್ ಬ್ಯಾಗ್ ಎಲ್ಲ ಮೇಲಿಂದಷ್ಟೇ ಕಾಯುತ್ತವೆ. ಮೈಭಾರಕ್ಕೆ ಕೆಳಗಿನ ಭಾಗ ಅಮುಕಿ ಅಪ್ಪಚ್ಚಿಯಾಗಿರುತ್ತದೆ, ಅಲ್ಲಿ ಏನೂ ಉಳಿದಿರುವುದಿಲ್ಲ. ಸ್ಲೀಪಿಂಗ್ ಬ್ಯಾಗ್ ಮೇಲೆ ಬರೆದಿರುವ ಡಿಗ್ರಿ ಕೂಡ ಕೆಳಗೆ ಮ್ಯಾಟ್ ಇದೆ ಅಂತ ಲೆಕ್ಕ ಹಾಕಿಯೇ ಬರೆದದ್ದು. ಮಕ್ಕಳ ಮೈ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಜಾಸ್ತಿ, ಹಾಗಾಗಿ ನಮಗಿಂತ ಬೇಗ ತಣ್ಣಗಾಗುತ್ತಾರೆ. "ನಾನು ಮಲಗಿದ್ದೆ, ಏನೂ ಆಗಲಿಲ್ಲ" ಅನ್ನುವ ದೊಡ್ಡವರ ಅನುಭವ ಇಲ್ಲಿ ನಡೆಯುವುದಿಲ್ಲ.

ಇನ್ನೊಂದು. ರಾತ್ರಿ ತಂಪಾದಂತೆ ಒಳಗಿನ ಗಾಳಿ ಕುಗ್ಗಿ ಹಾಸಿಗೆ ಮೆತ್ತಗಾಗುತ್ತದೆ. ಪಂಕ್ಚರ್ ಆಯಿತು ಅಂದುಕೊಳ್ಳುತ್ತಾರೆ, ಆಗಿರುವುದಿಲ್ಲ. ನಡುರಾತ್ರಿ ನಿಮ್ಮ ಮಗಳು ಅದಕ್ಕೆ ಪಂಪ್ ಹೊಡೀಬೇಕಾ? ತೋಟದಲ್ಲಿ ಕತ್ತರಿಸಿದ ಗಿಡದ ಚೂಪು ಕೂಳೆ ಚುಚ್ಚಿದರೆ ನಿಜವಾದ ಪಂಕ್ಚರ್ರೂ ಆಗುತ್ತದೆ.

ಏನು ತಗೋಬೇಕು ಅಂದರೆ, ಕ್ಲೋಸ್ಡ್ ಸೆಲ್ ಫೋಮ್ ಮ್ಯಾಟ್, ಅಂದರೆ ಒಳಗಿನ ಗುಳ್ಳೆಗಳೆಲ್ಲ ಮುಚ್ಚಿಕೊಂಡಿರುವ, ನೀರು ಹೀರದ ಫೋಮ್. ಇವಿಎ ಅಥವಾ ಎಕ್ಸ್‌ಎಲ್‌ಪಿಇ ಅಂತ ಬರೆದಿರುತ್ತದೆ. ಹತ್ತು ಮಿಲಿಮೀಟರ್‌ಗಿಂತ ಕಡಿಮೆ ಬೇಡ. ಡೆಕಾಥ್ಲಾನ್‌ನಲ್ಲಿ ಸುತ್ತಿಡುವ ಸಾದಾ ಫೋಮ್ ಮ್ಯಾಟ್ ಸಿಗುತ್ತದೆ, ನಿಮ್ಮ ಕೆಲಸಕ್ಕೆ ಅದು ಧಾರಾಳ ಸಾಕು. ಥರ್ಮಾರೆಸ್ಟ್ ಕಂಪನಿಯ ಝಡ್ ಲೈಟ್ ಸೋಲ್ ತುಂಬಾ ಒಳ್ಳೆಯದು, ಮೊಟ್ಟೆ ಟ್ರೇ ಥರ ಮಡಚಿಕೊಳ್ಳುತ್ತದೆ, ತೂಕ 410 ಗ್ರಾಂ. ಆದರೆ ಎರಡು ರಾತ್ರಿಗೆ ಅಷ್ಟು ದುಡ್ಡು ಹಾಕಬೇಡಿ. ಹಿಮಾಲಯಕ್ಕೆ ಕರೆದುಕೊಂಡು ಹೋಗುವಾಗ ನೋಡೋಣ. ಆರ್ ವ್ಯಾಲ್ಯೂ ಅಂತ ಒಂದು ಸಂಖ್ಯೆ ಇರುತ್ತದೆ, ಜಾಸ್ತಿ ಇದ್ದಷ್ಟು ನೆಲದ ತಂಪು ತಡೆಯುತ್ತದೆ. ಅದನ್ನು ಅಳೆಯಲು ಎಎಸ್‌ಟಿಎಂ ಎಫ್3340 ಅನ್ನುವ ಒಂದು ಪ್ರಮಾಣಿತ ಪರೀಕ್ಷೆ ಇದೆ. ಝಡ್ ಲೈಟ್ ಸೋಲ್‌ನ ಆರ್ ವ್ಯಾಲ್ಯೂ 2. ಎರಡು ಮ್ಯಾಟ್ ಒಂದರ ಮೇಲೊಂದು ಹಾಕಿದರೆ ಎರಡರ ಸಂಖ್ಯೆ ಕೂಡಿಕೊಳ್ಳುತ್ತದೆ. ಹೀಗಾಗಿ ಸಾದಾ ಮ್ಯಾಟ್ ಎರಡು ಇದ್ದರೂ ಆಗುತ್ತದೆ.

ಅಂಗಡಿಯಲ್ಲಿ ಕೈಯಲ್ಲಿ ಹಿಡಿದು ನೋಡಿ. ಹೆಬ್ಬೆರಳಿನ ಉಗುರು ಒತ್ತಿ ಬಿಡಿ. ಒಳ್ಳೆಯ ಫೋಮ್‌ನಲ್ಲಿ ಗುರುತು ನಿಧಾನಕ್ಕೆ ಮೇಲೇಳುತ್ತದೆ. ಟಿವಿ ಡಬ್ಬದಲ್ಲಿ ಬರುತ್ತದಲ್ಲ, ಆ ಬಿಳಿ ಪ್ಯಾಕಿಂಗ್ ಫೋಮ್‌ಗೇ ಬಣ್ಣ ಕೊಟ್ಟು ಮಾರುತ್ತಾರೆ, ಅದು ಎರಡು ರಾತ್ರಿಗೆ ಚಪ್ಪಟೆ. ಬೆಳ್ಳಿ ಬಣ್ಣದ ತೆಳು ಹಾಳೆ ಇರುವುದನ್ನು "ಶಾಖ ವಾಪಸ್ ಕೊಡುತ್ತೆ" ಅಂತ ಕೊಡುತ್ತಾರೆ. ಮೈ ಅದಕ್ಕೆ ಒತ್ತಿಕೊಂಡಿರುವಾಗ ಹೊಳಪಿನಿಂದ ಏನೂ ಉಪಯೋಗ ಇಲ್ಲ, ದಪ್ಪ ಬೇಕು. ಮನೆಯ ಯೋಗ ಮ್ಯಾಟ್ ಕಳಿಸಬೇಡಿ. ನಾಲ್ಕೋ ಆರೋ ಮಿಲಿಮೀಟರ್ ಇರುತ್ತದೆ, ಭಾರ ಬೇರೆ. ಸೋಫಾ ಸ್ಪಂಜ್ ಅಂತೂ ಬೇಡವೇ ಬೇಡ, ಟೆಂಟ್ ಒಳಗಿನ ತೇವವನ್ನೆಲ್ಲ ಹೀರಿಕೊಂಡು ಕೂತಿರುತ್ತದೆ.

ಮ್ಯಾಟ್ ಉದ್ದ 180 ಸೆಂಟಿಮೀಟರ್ ಇರುತ್ತದೆ. ಕತ್ತರಿಸಲು ಹೆದರಬೇಡಿ. ಮಗಳನ್ನು ಅದರ ಮೇಲೆ ಮಲಗಿಸಿ, ಕಾಲ ಕೆಳಗೆ ಒಂದು ಗೇಣು ಬಿಟ್ಟು ಗುರುತು ಹಾಕಿ, ಹೊಸ ಬ್ಲೇಡಿನಲ್ಲಿ ಸ್ಕೇಲ್ ಇಟ್ಟು ಕೊಯ್ಯಿರಿ. ಉಳಿದ ತುಂಡು ಎಸೆಯಬೇಡಿ, ಅದೇ ಅವಳಿಗೆ ಒದ್ದೆ ಕಲ್ಲಿನ ಮೇಲೆ ಕೂರುವ ಮಣೆ. ರಾತ್ರಿ ಅದನ್ನೇ ಸೊಂಟದ ಕೆಳಗೆ ಇನ್ನೊಂದು ಪದರವಾಗಿ ಹಾಕಿಕೊಳ್ಳಬಹುದು. ಅಗಲ ಮಾತ್ರ ಕಡಿಮೆ ಮಾಡಬೇಡಿ. ಮಕ್ಕಳು ರಾತ್ರಿಯೆಲ್ಲ ಉರುಳುತ್ತಾರೆ, 50 ಸೆಂಟಿಮೀಟರ್ ಅಂದರೆ ಅರ್ಧ ರಾತ್ರಿ ನೆಲದ ಮೇಲೇ. 60 ಸಿಕ್ಕರೆ ಅದನ್ನೇ ತಗೊಳ್ಳಿ. ಪಕ್ಕದಲ್ಲಿ ಗೆಳತಿಯ ಮ್ಯಾಟ್ ತಾಗಿಸಿ ಹಾಕಿಕೊಳ್ಳಲು ಹೇಳಿ, ಇನ್ನೊಂದು ಪಕ್ಕಕ್ಕೆ ಬ್ಯಾಗ್ ಅಡ್ಡ.

ಮನೆಯಲ್ಲಿ ಕರೀ ಕಂಬಳಿ ಇದೆಯಾ? ಚಳ್ಳಕೆರೆ ಕಡೆಯ ಕುರಿ ಉಣ್ಣೆಯದ್ದು? ಶಾಲೆ ಬಸ್ ತೋಟದವರೆಗೆ ಹೋಗುವುದಾದರೆ ಅದನ್ನು ಮಡಚಿ ಕಳಿಸಿ, ಮ್ಯಾಟ್ ಮೇಲೆ ಹಾಸಲಿಕ್ಕೆ. ಹೊದೆಯಲಿಕ್ಕಲ್ಲ. ಉಣ್ಣೆ ಸ್ವಲ್ಪ ಒದ್ದೆಯಾದರೂ ಬಿಸಿ ಬಿಡುವುದಿಲ್ಲ, ನೈಲಾನ್ ಸ್ಲೀಪಿಂಗ್ ಬ್ಯಾಗ್ ಫೋಮ್ ಮೇಲೆ ಜಾರುವುದನ್ನೂ ತಡೆಯುತ್ತದೆ. ಚುಚ್ಚುತ್ತದೆ ಅಂತ ಮಗಳು ಹಟ ಮಾಡಿದರೆ ಮೇಲೊಂದು ಹಳೇ ಬೆಡ್‌ಶೀಟ್. ನಡೆದು ಹೋಗುವುದಿದ್ದರೆ ಕಂಬಳಿ ಬೇಡ, ಆ ವಯಸ್ಸಿಗೆ ಭಾರವಾಗುತ್ತದೆ.

ಮ್ಯಾಟನ್ನು ಬ್ಯಾಗಿನ ಹೊರಗೆ ಅಡ್ಡ ಕಟ್ಟಬೇಡಿ, ಕಾಫಿ ಗಿಡಕ್ಕೆಲ್ಲ ಸಿಕ್ಕಿಕೊಳ್ಳುತ್ತದೆ. ಉದ್ದಕ್ಕೆ ಕಟ್ಟಿ, ಇಲ್ಲವೇ ಕೊಳವೆ ಥರ ಸುತ್ತಿ ಬ್ಯಾಗ್ ಒಳಗೇ ಇಳಿಸಿ ಅದರ ನಡುವೆ ಬಟ್ಟೆ ತುಂಬಿ. ಟೆಂಟ್ ಕೆಳಗೆ ಶೀಟ್ ಹಾಕುವವರು ಶಾಲೆಯವರೇ ಇರಬೇಕು, ಆದರೂ ಒಂದು ಮಾತು ಕೇಳಿ: ಶೀಟ್ ಟೆಂಟ್‌ಗಿಂತ ದೊಡ್ಡದಿದ್ದರೆ ಅಂಚು ಒಳಕ್ಕೆ ಮಡಚಿರಬೇಕು. ಹೊರಗೆ ಚಾಚಿದ್ದರೆ ಮಳೆ ನೀರು, ಇಬ್ಬನಿ ಎಲ್ಲ ಅದರ ಮೇಲೇ ಇಳಿದು ಟೆಂಟ್ ಕೆಳಗೆ ಸೇರುತ್ತದೆ. ನೆಲ ಇಳಿಜಾರಿದ್ದರೆ ತಲೆ ಮೇಲಿನ ಕಡೆ ಇರಲಿ.

ಹೋಗುವ ಮೊದಲು ಒಂದು ರಾತ್ರಿ ಮನೆಯ ಬರೀ ನೆಲದ ಮೇಲೆ ಮ್ಯಾಟ್ ಹಾಸಿ ಮಲಗಿಸಿ. ಬೆಳಿಗ್ಗೆ ಅವಳೇ ಸುತ್ತಿ ಕಟ್ಟಲಿ, ನೀವು ಕೈ ಹಾಕಬೇಡಿ. ಮೊದಲ ಸಲ ಸಡಿಲವಾಗುತ್ತದೆ, ಮಂಡಿಯೂರಿ ಒತ್ತಿಕೊಂಡು ಸುತ್ತಬೇಕು ಅಂತ ತೋರಿಸಿಕೊಡಿ. ಕಟ್ಟಲು ದಾರ ಬೇಡ, ಅಗಲ ಎಲಾಸ್ಟಿಕ್ ಎರಡು ಹೊಲಿದುಕೊಡಿ. ಮೂಲೆಯಲ್ಲಿ ಮಾರ್ಕರ್‌ನಿಂದ ದಪ್ಪಗೆ ಹೆಸರು ಬರೆಯಿರಿ, ಎಲ್ಲರದ್ದೂ ಅದೇ ನೀಲಿ ಬಣ್ಣ ಇರುತ್ತದೆ. ಅವಳ ಎತ್ತರ ಎಷ್ಟು ಅಂತ ಇಲ್ಲೇ ಹಾಕಿ, ಎಲ್ಲಿಗೆ ಕೊಯ್ಯಬೇಕು ಅಂತ ಹೇಳುತ್ತೇನೆ.